ಕೊನೆಯ ಸ್ಟೇಜಿನ ಟಿಕೆಟ್ಟು

ನನ್ನ ಗೆಳೆಯ ನಿಜಗುಣಪ್ಪ ಲಿಂಗೈಕ್ಯನಾದ ಸುದ್ದಿ ನನಗೆ ತಲುಪಿದಾಗ ನನ್ನ ಮುಖದ ಎಡಭಾಗದ ಕ್ಷೌರ ಮುಗಿದಿತ್ತು. ಬಲಭಾಗದಲ್ಲಿ ಸಾಬೂನಿನ ನೊರೆ ಇತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನೇಸರಗಿಯಲ್ಲಿ ನಡೆದದ್ದಕ್ಕೆಲ್ಲ ನನ್ನ ಬಲಗೆನ್ನೆಯೂ ಒಂದು ಕಾರಣವಾಯಿತು.

ಅಂದು ಬುಧವಾರ. ರೋಹಿಣಿ ಮಳೆ ಒಂದು ಹನಿಯನ್ನೂ ಉದುರಿಸದೆ ಮುಗಿಯುತ್ತ ಬಂದಿತ್ತು. ಬಸ್ ನಿಲ್ದಾಣದ ಎದುರಿನ ತನ್ನ ಅಂಗಡಿಯಲ್ಲಿ ಕಲ್ಮೇಶ ನನ್ನ ಗದ್ದ ಹಿಡಿದು, "ಮಾಸ್ತರ, ಅಳ್ಳಾಡಬ್ಯಾಡ್ರಿ" ಎನ್ನುತ್ತಿದ್ದಾಗ ನಿಜಗುಣಪ್ಪನ ಮಗ ಅಪ್ಪು ಬರಿಗಾಲಲ್ಲಿ ಓಡಿ ಬಂದು ಬಾಗಿಲಲ್ಲಿ ನಿಂತ. ನಲವತ್ತು ದಾಟಿದ ಗಂಡಸು, ಪಂಪ್‌ಸೆಟ್ಟಿನ ಮೋಟರು ರಿಪೇರಿ ಮಾಡುವವನು, ಎಂದೂ ಅವಸರ ಮಾಡಿದವನಲ್ಲ.

"ಕಾಕಾ, ಅಪ್ಪಾ ಹ್ವಾದ."

"ಎಲ್ಲಿಗೆ?" ಎಂದೆ ನಾನು.

ಮೂವತ್ತೆರಡು ವರ್ಷ ಬಸ್ಸಿನಲ್ಲಿ ಕಂಡಕ್ಟರನಾಗಿದ್ದವನ ಬಗ್ಗೆ ಹಾಗೆ ಕೇಳಿದ್ದು ತಪ್ಪಲ್ಲ. ಆದರೆ ಅಪ್ಪು ತೋಳಿನಿಂದ ಕಣ್ಣೊರೆಸಿಕೊಂಡ. ಕಲ್ಮೇಶ ಕತ್ತಿಯನ್ನು ಕೆಳಗಿಟ್ಟ. ಆಗ ನನಗೆ ತಿಳಿಯಿತು.

ನೊರೆ ಸಮೇತ ಓಡಿದೆ. ದಾರಿಯಲ್ಲಿ ಅಪ್ಪು ಏದುಸಿರು ಬಿಡುತ್ತ ಹೇಳಿದ: "ಪಡಸಾಲ್ಯಾಗ ಕುಂತಿದ್ದ ಕಾಕಾ. ನಾ ಅಂಗಳದಾಗ ಗಾಡಿ ಒರಸಾಕತ್ತಿದ್ದೆ. ಒಮ್ಮಿಗಲೇ ಜೋರಾಗಿ ಅಂದ, 'ಇನ್‌ಕನ್ಸೀವೆಬಲ್! ಇನ್‌ಕನ್ಸೀವೆಬಲ್!' ಅಂತ. ನಾ ಒಳಗ ಹೋಗೂದ್ರಾಗ ಗ್ವಾಡಿಗೆ ಒರಗಿಬಿಟ್ಟಿದ್ದ. ಮಾರಿ ಮ್ಯಾಲ ನಗೀ ಹಂಗೇ ಇತ್ತು."

ನಾನು ಓಡುವುದನ್ನು ಬಿಟ್ಟು ರಸ್ತೆಯ ನಡುವೆ ನಿಂತೆ.

"ಆ ಶಬ್ದಾ ಅಂದ್ನಾ? ಖರೇನ ಆ ಶಬ್ದಾನ ಅಂದ್ನಾ?"

"ಖರೇನ ಕಾಕಾ. ಎರಡ ಸರ್ತಿ."

ಆ ಶಬ್ದದ ಮಹತ್ವವನ್ನು ಓದುಗರಿಗೆ ಹೇಳಬೇಕು. ಸೇವೆಯಲ್ಲಿದ್ದಾಗ ಒಮ್ಮೆ ನಿಜಗುಣಪ್ಪನ ಬಸ್ಸಿನಲ್ಲಿ ಯಾರೋ ದಪ್ಪನೆಯ ಇಂಗ್ಲಿಷ್ ನಿಘಂಟನ್ನು ಬಿಟ್ಟು ಇಳಿದುಹೋದರು. ಅವನು ಅದನ್ನು ಡಿಪೋದಲ್ಲಿ ಜಮಾ ಮಾಡಿದ. ವರ್ಷವಾದರೂ ಕೇಳಿಕೊಂಡು ಯಾರೂ ಬರಲಿಲ್ಲ. ಕಡೆಗೆ ಅಲ್ಲಿಯವರೇ, "ಒಯ್ಯೋ ಮಾರಾಯಾ, ಇದರ ಭಾರಕ್ಕ ಕಪಾಟ ಬಾಗೇತಿ" ಎಂದು ಅವನ ಕೈಗೇ ಕೊಟ್ಟರು. ಏಳನೆಯ ಇಯತ್ತೆ ಓದಿದವನು ನಾಲ್ಕು ವರ್ಷ ಅದನ್ನು ಓದಿದ. ಓದಿ ಮುಗಿಸಿದ ದಿನ ಬೇವಿನ ಕಟ್ಟೆಗೆ ಬಂದು ನನಗೆ ಹೇಳಿದ:

"ಮಾಸ್ತರ, ಇಂಗ್ಲೀಷರು ಭಾಳ ಸಂಶೇದ ಮಂದಿ ನೋಡ್ರಿ. ನಂಬಾಕ ಆಗದ್ದಕ್ಕ, ಮನಸಿನ್ಯಾಗ ತರಾಕ ಆಗದ್ದಕ್ಕ ಎಷ್ಟ ಶಬ್ದಾ ಮಾಡಿ ಇಟ್ಟಾರ! ನಾವು 'ಅಯ್ಯ ನನ ಶಿವನ' ಅಂತ ಒಂದರಾಗ ಮುಗಸ್ತೇವಿ."

ಕಂಡಕ್ಟರನ ಬುದ್ಧಿ ಸುಮ್ಮನಿರಲಿಲ್ಲ. ಆ ಶಬ್ದಗಳನ್ನೆಲ್ಲ ಅವನು ತನ್ನ ಬಸ್ಸಿನ ದಾರಿಯ ಮೇಲೆ ಸ್ಟೇಜುಗಳ ಹಾಗೆ ಹೊಂದಿಸಿದ. ಸಣ್ಣ ಅಚ್ಚರಿಗೆ 'ಇಂಪ್ರಾಬೆಬಲ್'. ಅದು ನೇಸರಗಿಯ ನಾಕಾ ದಾಟಿದಷ್ಟು ದೂರ. ಅದಕ್ಕಿಂತ ಹೆಚ್ಚಿನದಕ್ಕೆ 'ಇನ್‌ಕ್ರೆಡಿಬಲ್', ಅದು ಬೈಲಹೊಂಗಲ. ಅದನ್ನೂ ಮೀರಿದರೆ 'ಅನ್‌ಬಿಲೀವೆಬಲ್', ಅದು ಸವದತ್ತಿ. ಎಲ್ಲಕ್ಕೂ ಕೊನೆಯದು, ಯಲ್ಲಮ್ಮನ ಗುಡ್ಡ. ಅದರಾಚೆಗೆ ಬಸ್ಸಿಲ್ಲ, ಶಬ್ದವೂ ಇಲ್ಲ. ಅದೇ 'ಇನ್‌ಕನ್ಸೀವೆಬಲ್'.

ಕಟ್ಟೆಗೆ ಬಂದು ಯಾರಾದರೂ ಒಂದು ಅದ್ಭುತವನ್ನು ವರದಿ ಮಾಡಿದರೆ ನಿಜಗುಣಪ್ಪ ಕಣ್ಣು ಕಿರಿದು ಮಾಡಿ ಕೇಳುತ್ತಿದ್ದ, ಜೇಬಿನ ಡೈರಿಯಿಂದ ಒಂದು ಚೀಟಿ ಚರ್ರನೆ ಹರಿದು ಶಬ್ದ ಬರೆದು ಕೊಡುತ್ತಿದ್ದ. ಕಾಯಿಪಲ್ಲೆ ಮಾರುವ ಮರೆವ್ವನ ಎಮ್ಮೆ ಅವಳಿ ಕರು ಹಾಕಿದಾಗ ನೇಸರಗಿ ನಾಕಾ ಸಿಕ್ಕಿತು. ಪಂಚಾಯತಿ ಮೆಂಬರ್ ಶಂಕ್ರೆಪ್ಪ ಹೇಳಿದ ದಿನವೇ ನಳಕ್ಕೆ ನೀರು ಬಂದಾಗ ಅವನಿಗೆ ಬೈಲಹೊಂಗಲ. ನಾಲ್ಕು ಕೂರಿಗೆ ಹೊಲದ ಒಡೆಯ ಬಸಲಿಂಗಪ್ಪ ಒಮ್ಮೆ ತುಂಬಿದ ಕಟ್ಟೆಯಲ್ಲಿ, "ಈ ಸರ್ತಿ ನನ್ನ ಹೆಂಡ್ತಿ ಹೇಳಿದ್ದ ಖರೇ ಆತು" ಎಂದುಬಿಟ್ಟ. ನಿಜಗುಣಪ್ಪ ಎದ್ದು ನಿಂತು ಸವದತ್ತಿಯ ಟಿಕೆಟ್ಟು ಹರಿದ. ಬಸಲಿಂಗಪ್ಪ ಆ ಚೀಟಿಗೆ ಕಟ್ಟು ಹಾಕಿಸಿ ದೇವರ ಮನೆಯ ಪಕ್ಕದಲ್ಲಿ ತೂಗುಹಾಕಿದ್ದಾನೆ.

ಗುಡ್ಡದ ಟಿಕೆಟ್ಟು ಮಾತ್ರ ಯಾರಿಗೂ ಸಿಗಲಿಲ್ಲ. "ಅದು ಒಂದ ಐತಿ. ಒಮ್ಮೆ ಹರಿಯೂದು. ತಕ್ಕ ಪ್ಯಾಸೆಂಜರ್ ಇನ್ನೂ ಹತ್ತಿಲ್ಲ" ಎನ್ನುತ್ತಿದ್ದ. ನನಗಂತೂ ಅಷ್ಟು ವರ್ಷಗಳಲ್ಲಿ ದೊರೆತದ್ದು ಒಂದೇ ಒಂದು ನೇಸರಗಿ ನಾಕಾ. ಅದೂ ನಾನು ಮಾಸ್ತರನಾಗಿದ್ದಾಗ ಶಾಲೆಯನ್ನು ಒಂದು ದಿನ ಹತ್ತು ನಿಮಿಷ ಮೊದಲು ಬಿಟ್ಟದ್ದಕ್ಕೆ. ನಾನು ಗುಡ್ಡದ ಟಿಕೆಟ್ಟಿಗಾಗಿ ಎಷ್ಟು ಹಂಬಲಿಸಿದ್ದೆನೆಂದರೆ, ಕನಸಿನಲ್ಲಿಯೂ ಅದ್ಭುತಗಳನ್ನು ಹುಡುಕುತ್ತಿದ್ದೆ.

ಅವನಿಗೂ ನನಗೂ ಇದ್ದ ಜಗಳ ಒಂದೇ; ಅದು ಛತ್ರಿಯದು. ಇಪ್ಪತ್ತೊಂದು ವರ್ಷದ ಹಿಂದೆ ಕಿತ್ತೂರಿನಲ್ಲಿ ಶಿಕ್ಷಕರ ತರಬೇತಿ ಮುಗಿಸಿ ಅವನ ಬಸ್ಸಿನಲ್ಲಿ ಬಂದಾಗ ಮಳೆ ಹಿಡಿದಿತ್ತು. ಅವನು ತನ್ನ ಕರಿಯ ಛತ್ರಿ ಕೊಟ್ಟ. ಬಾಗಿದ ಕಟ್ಟಿಗೆಯ ಹಿಡಿಕೆ, ಅದರ ಮೇಲೆ ಅವನ ಬಿಲ್ಲೆಯ ನಂಬರು ೪೧೭ ಕೊರೆದಿತ್ತು. ನಾನು ಮರಳಿ ಕೊಟ್ಟೆ. ಅವನು ಕೊಟ್ಟಿಲ್ಲವೆಂದ. ಪ್ರತಿ ವರ್ಷ ಮಿರಗದ, ಎಂದರೆ ಮೃಗಶಿರಾ ಮಳೆಯ, ಮೊದಲ ಮೋಡ ಕಂಡ ಕೂಡಲೇ ಕೇಳುತ್ತಿದ್ದ: "ಮಾಸ್ತರ, ನನ್ನ ಛತ್ರಿ?" "ಕೊಟ್ಟೇನಿ." "ಯಾವಾಗ?" "ಆವಾಗs." ಹೋದ ವರ್ಷ ನನಗೆ ಸಿಟ್ಟು ಬಂದು ಕಟ್ಟೆಯ ಮೇಲೆ ಎಲ್ಲರೆದುರು ಯಲ್ಲವ್ವನ ಭಂಡಾರದ ಅರಿಶಿನ ಮುಟ್ಟಿ ಆಣೆ ಮಾಡಿದೆ. ಅವನು ಆಣೆಗೆ ತಲೆಬಾಗಿ ಸುಮ್ಮನಾದ. ಇಬ್ಬರೂ ಚಹಾ ಕುಡಿದೆವು.

ಅಂಥವನು ಗುಡ್ಡದ ಟಿಕೆಟ್ಟನ್ನು ಯಾರಿಗೋ ಹರಿದು ಹೋಗಿದ್ದ. ಯಾರಿಗೆ? ಏನು ಕಂಡ? ಅವನ ಮನೆಯ ಪಡಸಾಲೆಯಲ್ಲಿ ಅವನನ್ನು ಕೂಡಿಸಿ ವಿಭೂತಿ ಹಚ್ಚಿದ್ದರು. ಹೆಂಡತಿ ಸಿದ್ದಲಿಂಗವ್ವ ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು. ಅವನ ಮುಖದಲ್ಲಿ ನಗೆ ಇನ್ನೂ ಇತ್ತು. ನಾನು ಅವನ ಕೈ ಹಿಡಿದು ಅತ್ತೆ. ಅಳುವಾಗ ನೊರೆ ಕಣ್ಣಿಗೆ ಇಳಿಯಿತು, ಮತ್ತಷ್ಟು ಅತ್ತೆ.

ಸಂಜೆ ಅವನನ್ನು ಮಣ್ಣಿಗೆ ಒಪ್ಪಿಸಿ ಬಂದು ಎಲ್ಲರೂ ಕಟ್ಟೆಯ ಮೇಲೆ ಕುಳಿತೆವು. ಬಸಲಿಂಗಪ್ಪ ಕೇಳಿದ:

"ಮಾಸ್ತರ, ಕಂಡಕ್ಟರ ಕಡೀಗೆ ನುಡಿದ ಮಾತಿನ ಅರ್ಥಾ ಏನ್ರಿ? ನಿಮಗ ಇಂಗ್ಲೀಷ ಬರತೈತಲ್ಲ."

ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಮೂವತ್ತು ವರ್ಷ ಕನ್ನಡ ಕಲಿಸಿದವನು ನಾನು. ಆದರೆ ಬರುವುದಿಲ್ಲವೆಂದು ಯಾರಿಗೂ ಹೇಳಿರಲಿಲ್ಲ. ಕೇಳಿದಾಗಲೆಲ್ಲ ಗಂಭೀರವಾಗಿ ತಲೆಯಾಡಿಸುತ್ತ ಬಂದಿದ್ದೆ. 'ಮನಸ್ಸಿಗೆ ನಿಲುಕದ್ದು' ಎಂದು ನಿಜಗುಣಪ್ಪನಿಂದ ಕೇಳಿದ್ದನ್ನೇ ಹೇಳಿ, 'ಏನು ಕಂಡನೋ ನನಗೂ ತಿಳಿಯದು' ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಾಗೆನ್ನಲು ಬಾಯಿ ಬರಲಿಲ್ಲ.

"ಬಸಲಿಂಗಪ್ಪ," ಎಂದೆ, "ಅದು ಬರೇ ಶಬ್ದ ಅಲ್ಲ. ಕಾರ್ಣಿಕ ಇದ್ದಂಗ."

ಕಾರ್ಣಿಕವೆಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ದೇವರ ಹೆಸರಿನಲ್ಲಿ ಒಬ್ಬ ಒಂದೇ ಮಾತು ನುಡಿದು ಸುಮ್ಮನಾಗುತ್ತಾನೆ. ಉಳಿದ ವರ್ಷವಿಡೀ ಊರವರು ಅದಕ್ಕೆ ಅರ್ಥ ಹಚ್ಚುತ್ತಾರೆ. ಮಳೆಯಾದರೂ ಅದು ನಿಜವಾಗುತ್ತದೆ, ಆಗದಿದ್ದರೂ ನಿಜವಾಗುತ್ತದೆ. ನಾನು ಹೋಲಿಕೆಗಾಗಿ ಹೇಳಿದ ಮಾತನ್ನು ಕಟ್ಟೆ ಹೋಲಿಕೆಯೆಂದು ಕೇಳಲಿಲ್ಲ.

"ಮಳೀ ಬಗ್ಗೆ ಐತೇನ್ರಿ?" ಎಂದ ಬಸಲಿಂಗಪ್ಪ ಧ್ವನಿ ತಗ್ಗಿಸಿ.

ಅಷ್ಟರಲ್ಲಿ ಕೆನ್ನೆಯ ಮೇಲೆ ಒಣಗಿದ್ದ ಸಾಬೂನು ಬೆವರಿನೊಡನೆ ಮತ್ತೆ ಕಣ್ಣಿಗೆ ಇಳಿಯಿತು. ನಾನು ಕಣ್ಣು ಮುಚ್ಚಿದೆ.

"ಮಳಿ ಐತಿ!" ಎಂದು ಬಸಲಿಂಗಪ್ಪ ಎದ್ದುಬಿಟ್ಟ. "ಮಾಸ್ತರು ಕಣ್ಣ ಮುಚ್ಚಿದ್ರು, ನೋಡಿದ್ರಿಲ್ಲೋ!" ಎಂದವನೇ ನನ್ನ ಕಾಲು ಮುಟ್ಟಿದ. ಅವನ ಹಿಂದೆ ಇನ್ನೊಬ್ಬ ಮುಟ್ಟಿದ.

ಮರುದಿನ ಬೆಳಿಗ್ಗೆ ಬಲಗೆನ್ನೆಯನ್ನು ಮುಗಿಸಿಕೊಳ್ಳೋಣವೆಂದು ಕಲ್ಮೇಶನ ಅಂಗಡಿಗೆ ಹೋದೆ. ಅವನು ಹೌಹಾರಿ ಹಿಂದೆ ಸರಿದ.

"ಶಿವ ಶಿವಾ! ಗೆಳೆಯಾ ಹ್ವಾದ ಅಂತ ಮಾಸ್ತರು ಅರ್ಧ ಗಡ್ಡಾ ಹರಕಿ ಬಿಟ್ಟಾರ ಅಂತ ಊರೆಲ್ಲಾ ಸುದ್ದಿ ಆಗೇತಿ. ಮಕ್ಕಳು ಹನ್ನೊಂದ ದಿನಾ ಪೂರಾ ಬಿಡತಾರ, ಗೆಳೆಯಾ ಅರ್ಧ ಬಿಡಬೇಕು, ಅದs ಖರೇ ಲೆಕ್ಕ ಅಂತ ಶಂಕ್ರೆಪ್ಪ ಹೇಳಿ ಹ್ವಾದ. ನಾ ಕತ್ತಿ ಹಚ್ಚಿದ್ರ ಪಾಪಾ ಯಾರಿಗಿ?"

ಮನೆಯಲ್ಲಿಯೂ ಒಂದು ಕತ್ತಿ ಇತ್ತು. ಆದರೆ ಇಬ್ಬರು ಕಾಲು ಮುಟ್ಟಿದ ಮೇಲೆ ಮನುಷ್ಯನ ಕೈ ಬಲಗೆನ್ನೆಯ ಕಡೆಗೆ ಸುಲಭವಾಗಿ ಹೋಗುವುದಿಲ್ಲ. ಎಡಗೆನ್ನೆಯನ್ನು ಮಾತ್ರ ಆ ಕತ್ತಿಯಿಂದ ದಿನಾಲೂ ನುಣ್ಣಗಿಟ್ಟೆ. ನನ್ನ ಹೆಂಡತಿ ಕಾಡವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಓರೆಗಣ್ಣಿನಿಂದ ನನ್ನನ್ನು ನೋಡಿದಳು.

"ಅಲ್ಲರೀ, ಆ ಶಬ್ದದ ಅರ್ಥಾ ನಿಮಗ ಖರೇನ ಗೊತ್ತೈತೇನು?"

"ಗೊತ್ತಿಲ್ಲದೇನು? ಮಳಿ ಬಗ್ಗೆ ಐತಿ. ಆತನ ಕಣ್ಣಿಗೆ ಏನೋ ಕಂಡೈತಿ."

ಕಾಡವ್ವನ ಕೈಯಲ್ಲಿದ್ದ ರೊಟ್ಟಿ ಒಲೆಗೆ ಬಿತ್ತು. ನಲವತ್ತೈದು ವರ್ಷಗಳಲ್ಲಿ ಅವಳ ರೊಟ್ಟಿ ಒಲೆಗೆ ಬಿದ್ದದ್ದನ್ನು ನಾನು ಕಂಡಿರಲಿಲ್ಲ. ದುಃಖದಿಂದಿರಬೇಕು ಎಂದುಕೊಂಡೆ.

ಮೂರು ದಿನಗಳಲ್ಲಿ ಆ ಶಬ್ದ ನೇಸರಗಿಯಿಂದ ಬಸ್ಸು ಹತ್ತಿ ನಿಜಗುಣಪ್ಪನ ಹಳೆಯ ದಾರಿಗಳಲ್ಲೆಲ್ಲ ಓಡಾಡಿತು. ಸವದತ್ತಿಯಲ್ಲಿ ಕಾಯಿ-ಕರ್ಪೂರ ಮಾರುವವರು ಬರುವ ಹುಣ್ಣಿಮೆಗೆ ಹಿಂದೆಂದೂ ಕಾಣದಷ್ಟು ಜನ ಬರುತ್ತಾರೆಂದು ಅರ್ಥ ಮಾಡಿದರು. ಕಿತ್ತೂರಿನಲ್ಲಿ ಹೆದ್ದಾರಿಯ ಪಕ್ಕದ ಚಹಾದಂಗಡಿಯವನು ತನ್ನ ಅಂಗಡಿಯನ್ನು ಯಾರೂ ತೆಗೆಸುವುದಿಲ್ಲವೆಂದು ಅರ್ಥ ಮಾಡಿದ. ರಾಮದುರ್ಗಕ್ಕೆ ಕೊಟ್ಟ ನಿಜಗುಣಪ್ಪನ ಮಗಳು ಉಮಾಶ್ರೀ ದಿನಕರ್ಮಕ್ಕೆ ತವರಿನಲ್ಲೇ ಉಳಿದಿದ್ದವಳು ನನ್ನ ಹತ್ತಿರ ಬಂದು ಫೋನು ಮುಂದೆ ಹಿಡಿದಳು.

"ಕಾಕಾ, ನಮ್ಮ ಅತ್ತಿ ಕೇಳಾಕತ್ತಾಳ. ನಮ್ಮ ಓಣ್ಯಾಗ ನೇಕಾರರು ಸೀರಿಗೆ ರೇಟ್ ಬರತೈತಿ ಅಂತ ಅರ್ಥಾ ಮಾಡ್ಯಾರಂತ. ಆಗತೈತೇನು?"

"ಆಗಬಹುದು."

"ಮಳೀನೂ ಐತಿ ಅಂತೀರಿ, ಸೀರೀನೂ ಐತಿ ಅಂತೀರಿ?"

"ದೊಡ್ಡ ಶಬ್ದ ಅವ್ವಾ ಅದು. ಜಾಗಾ ಭಾಳ ಐತಿ."

ಈ ಉತ್ತರ ನನಗೇ ಬಹಳ ಹಿಡಿಸಿತು. ಸಂಜೆ ಕಟ್ಟೆಯ ಮೇಲೆ ಅದನ್ನು ಇನ್ನೂ ಇಬ್ಬರಿಗೆ ಹೇಳಿದೆ.

ಶಂಕ್ರೆಪ್ಪ ಬಂದು ಪಂಚಾಯತಿ ಚುನಾವಣೆಯ ಬಗ್ಗೆ ಕೇಳಿದ. ನಾನು ಬಲಗೆನ್ನೆ ತುರಿಸಿಕೊಂಡೆ. ಬಲಗೆನ್ನೆ ಎಂದರೆ ತನ್ನ ಓಣಿ, ಎಡಗೆನ್ನೆ ಎಂದರೆ ಎದುರಾಳಿಯ ಓಣಿ ಎಂದು ಅವನು ಲೆಕ್ಕ ಹಾಕಿ ಸಂತೋಷದಿಂದ ಹೋದ. ಆ ಮೇಲೆ ನಾನು ಗಡ್ಡ ತುರಿಸಿಕೊಳ್ಳುವುದಕ್ಕೂ ಹೆದರಿದೆ. ಹೊಸ ಗಡ್ಡ, ಬೇಸಿಗೆಯ ಸೆಕೆ, ಕೈ ಎತ್ತಿದರೆ ಹತ್ತು ಕಣ್ಣು. ತಪಸ್ಸು ಎಷ್ಟು ಕಠಿಣವೆಂದು ಆಗ ತಿಳಿಯಿತು.

ಮಿರಗ ಕೂಡಿತು. ಆಕಾಶ ತೊಳೆದ ತಾಟಿನಂತಿತ್ತು. ಆದರೆ ಬಸಲಿಂಗಪ್ಪ ನನ್ನ ಕಣ್ಣು ಮುಚ್ಚಿದ್ದನ್ನು ನಂಬಿ ಒಣಮಣ್ಣಿನಲ್ಲೇ ಸೋಯಾ ಬಿತ್ತಿಬಿಟ್ಟ. ಅವನನ್ನು ನೋಡಿ ಮತ್ತೆ ಹದಿನೆಂಟು ಜನ ಬಿತ್ತಲು ಕೂರಿಗೆ ಕಟ್ಟಿದರು. ಈಗ ನನಗೆ ನಿಜವಾಗಿ ಹೆದರಿಕೆಯಾಯಿತು. ನಾಲ್ಕೈದು ದಿನದಲ್ಲಿ ಮಳೆ ಬಾರದಿದ್ದರೆ ಬೀಜ ಕೆಡುತ್ತದೆ. ಬೀಜ ಕೆಟ್ಟರೆ ಜನ ನನ್ನನ್ನು ಬೈಯುತ್ತಾರೆ. ಅದು ಹೋಗಲಿ, ಸತ್ತವನ ಮಾತು ಸುಳ್ಳಾಯಿತು ಎನ್ನುತ್ತಾರೆ. ಯಾರಿಗೂ ಒಂದು ತಪ್ಪು ಟಿಕೆಟ್ಟು ಕೊಡದೆ ನಿವೃತ್ತನಾದ ಮನುಷ್ಯನ ಹೆಸರು ನನ್ನ ದೆಸೆಯಿಂದ ಕೆಡುವುದಲ್ಲ ಎಂದು ಯಲ್ಲವ್ವನ ಪಟದ ಮುಂದೆ ಮೂರು ಹೊತ್ತು ದೀಪ ಹಚ್ಚತೊಡಗಿದೆ.

ಒಂಬತ್ತನೆಯ ದಿನ ಕೃಷಿ ಇಲಾಖೆಯ ಸಾಹೇಬರೊಬ್ಬರು ಮೋಟರ್‌ಸೈಕಲ್ ಮೇಲೆ ಬಂದರು. ಕಾಡವ್ವ ನೀರು, ಬೆಲ್ಲ ತಂದಿಟ್ಟಳು.

"ಮಳಿ ಇನ್ನೂ ವಾರ ತಡಾ ಐತಿ ಅಂತ ಹವಾಮಾನದವರು ಹೇಳ್ಯಾರ. ನಿಮ್ಮೂರಾಗ ಬಿತ್ತಿಗಿ ನಡದೈತಿ. ಕೇಳಿದ್ರ 'ಮಾಸ್ತರ ಹೇಳ್ಯಾರ' ಅಂತಾರ. ಯಾವ ಆಧಾರದ ಮ್ಯಾಲ ಹೇಳಿದ್ರಿ?" ಎಂದು ಸಾಹೇಬರು ಗಟ್ಟಿಯಾಗಿ ಕೇಳಿದರು.

"ನಾ ಏನೂ ಹೇಳಿಲ್ರಿ ಸಾಹೇಬ್ರ. ಕಣ್ಣ ಮುಚ್ಚೇನಿ ಅಷ್ಟ."

"ಯಾಕ ಮುಚ್ಚಿದ್ರಿ?"

"ಸಾಬೂನ ಹೋಗಿತ್ರಿ."

ಸಾಹೇಬರು ನನ್ನ ಎಡಗೆನ್ನೆ ನೋಡಿದರು, ಬಲಗೆನ್ನೆ ನೋಡಿದರು. ದೊಡ್ಡವರು ತಮ್ಮನ್ನು ಮುಚ್ಚಿಟ್ಟುಕೊಳ್ಳಲು ಹೀಗೆಯೇ ಮಾತಾಡುತ್ತಾರೆಂದು ಅವರಿಗೆ ಅನಿಸಿರಬೇಕು. ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಪಿಸುಗುಟ್ಟಿದರು:

"ಅಜ್ಜಾರ, ನನ್ನ ವರ್ಗಾವಣಿ ಬಗ್ಗೆ ಆ ಶಬ್ದದಾಗ ಏನರ ಐತೇನ್ರಿ? ವಿಜಯಪುರಕ್ಕ ಹಾಕತಾರಂತ ಸುದ್ದಿ ಐತಿ."

ಒಳಗೆ ಕಾಡವ್ವ ಕೆಮ್ಮಿದಳು. ಅದು ಕೆಮ್ಮೋ ನಗೆಯೋ ತಿಳಿಯಲಿಲ್ಲ. ಸಾಹೇಬರು ಅದನ್ನೂ ಶಕುನವೆಂದು ತೆಗೆದುಕೊಂಡು ಎದ್ದರು.

ಹನ್ನೊಂದನೆಯ ದಿನ ಶಿವಗಣಾರಾಧನೆ. ನಿಜಗುಣಪ್ಪನ ಮನೆಯ ಮುಂದೆ ಪೆಂಡಾಲು, ಊಟಕ್ಕೆ ಮೊದಲು ನುಡಿನಮನ. ಬೇರೆ ಬೇರೆ ಊರುಗಳಿಂದ ಜನ ಬಂದಿದ್ದರು. ಅವರಲ್ಲಿ ಅರ್ಧ ಜನ ಸತ್ತವನಿಗಾಗಿ, ಅರ್ಧ ಜನ ಶಬ್ದಕ್ಕಾಗಿ. ಸಾಹೇಬರೂ ಒಂದು ಮೂಲೆಯಲ್ಲಿ ಕುಳಿತಿದ್ದರು. ಶಂಕ್ರೆಪ್ಪ ಮೈಕು ಹಿಡಿದು ಹೇಳಿದ:

"ಈಗ ನಮ್ಮೆಲ್ಲಾರ ಹಿರಿಯರು, ಅರ್ಧ ಗಡ್ಡದ ವ್ರತಸ್ಥರು, ನೀಲಪ್ಪ ಮಾಸ್ತರು ಕಾರ್ಣಿಕದ ಪೂರ್ತಿ ಅರ್ಥಾ ಬಿಡಿಸಿ ಹೇಳತಾರ. ಎಲ್ಲಾರೂ ಶಾಂತ ರೀತಿಯಿಂದ ಕೇಳಬೇಕು. ಹೆಣ್ಣಮಕ್ಕಳು ಮಾತಾಡಬಾರದು."

ನಾನು ಮೈಕಿನ ಮುಂದೆ ನಿಂತೆ. ಎದುರಿಗೆ ಹೂವಿನ ಹಾರದೊಳಗೆ ನಿಜಗುಣಪ್ಪನ ಪಟ. ಡ್ರೆಸ್ಸು, ಬಿಲ್ಲೆ, ಚರ್ಮದ ಚೀಲ, ಅದೇ ನಗೆ. ಮುಂದಿನ ಸಾಲಿನಲ್ಲಿ ಬಸಲಿಂಗಪ್ಪ ಆಕಾಶ ನೋಡುತ್ತ ಕುಳಿತಿದ್ದ. ಆದರೂ ಅಷ್ಟು ಜನರ ಮುಂದೆ ಬಾಯಿ ತಾನೇ ತೆರೆಯಿತು.

"ಮಹಾಜನರೇ, ಮನುಷ್ಯನ ಮನಸ್ಸಿಗೆ ನಿಲುಕದ ಒಂದು ದೃಶ್ಯವನ್ನು ನನ್ನ ಗೆಳೆಯ ಆ ಬೆಳಗಿನಲ್ಲಿ ಕಂಡನು..."

"ಮಾಸ್ತರ, ಸ್ವಲ್ಪ ನಿಂದರ್ರಿ."

ಸಿದ್ದಲಿಂಗವ್ವ ಹೊಸಿಲಲ್ಲಿ ನಿಂತಿದ್ದಳು. ಹನ್ನೊಂದು ದಿನ ಆಕೆಯ ಧ್ವನಿಯನ್ನು ಯಾರೂ ಕೇಳಿರಲಿಲ್ಲ.

"ಗಂಡಸರು ಎಲ್ಲಾರೂ ಅರ್ಥಾ ಹೇಳಿದ್ರಿ. ಸವದತ್ತಿಯವರು ಹೇಳಿದ್ರು, ರಾಮದುರ್ಗದವರು ಹೇಳಿದ್ರು. ನಮ್ಮ ಮನಿಯವರು ಆ ಮಾತ ಅನ್ನುಮುಂದ ಮಗ್ಗಲದಾಗ ಇದ್ದಾಕಿ ನಾ ಒಬ್ಬಾಕಿ. 'ಯಾಕ ಅಂದ್ರು ವೈನೀ' ಅಂತ ನನ್ನ ಒಬ್ಬರರ ಕೇಳಿದ್ರೇನು?"

ಶಂಕ್ರೆಪ್ಪ ಮೈಕಿನಿಂದ ಎರಡು ಹೆಜ್ಜೆ ಹಿಂದೆ ಸರಿದ. ಹೆಂಗಸರ ಸಾಲಿನಲ್ಲಿ ಕಾಡವ್ವ ಸೆರಗನ್ನು ಮೂಗಿನವರೆಗೆ ಎಳೆದುಕೊಂಡಳು.

ಸಿದ್ದಲಿಂಗವ್ವ ಬಾಗಿಲ ಹಿಂದೆ ಕೈ ಹಾಕಿ ಒಂದು ವಸ್ತುವನ್ನು ಹೊರಗೆ ತೆಗೆದಳು. ಕರಿಯ ಬಟ್ಟೆ ಧೂಳಿನಿಂದ ಬೂದಿಯ ಬಣ್ಣವಾಗಿತ್ತು. ಬಾಗಿದ ಕಟ್ಟಿಗೆಯ ಹಿಡಿಕೆ. ಅಷ್ಟು ದೂರದಿಂದಲೂ ನಂಬರು ನನಗೆ ಕಂಡಿತು. ೪೧೭.

"ಆವತ್ತ ಮುಂಜಾನೆ ಕಾಡವ್ವ ಹಿತ್ತಲ ಬಾಗಲಕ್ಕ ಬಂದ್ಲು. ಮಳಿಗಾಲ ಬಂತಂತ ಅಟ್ಟಾ ಸ್ವಚ್ಛ ಮಾಡುಮುಂದ ಹಳೇ ಜಮಖಾನದಾಗ ಸುತ್ತಿದ್ದು ಸಿಕ್ಕಿತಂತ. 'ನಮ್ಮವರಿಗೆ ಹೇಳಬ್ಯಾಡ್ರಿ ವೈನೀ, ಭಂಡಾರ ಮುಟ್ಟಿ ಆಣಿ ಮಾಡ್ಯಾರ' ಅಂತ ಕೈಯಾಗ ಕೊಟ್ಟು ಓಡಿಹ್ವಾದ್ಲು. ನಾ ತಂದು ಇವರ ತೊಡಿ ಮ್ಯಾಲ ಇಟ್ಟೆ. ನಂಬರ ಸವರಿ ನೋಡಿದ್ರು. ಕಣ್ಣಾಗ ನೀರ ಬರೂತನಕಾ ನಕ್ಕರು. 'ಸಿದ್ದಲಿಂಗೀ, ಮಾಸ್ತರನ ಮನ್ಯಾಗಿಂದ ಛತ್ರಿ ತಿರಿಗಿ ಬಂತಲ್ಲs!' ಅಂದ್ರು. ಆ ಮ್ಯಾಲ ಒದರಿದ್ರು ಆ ಮಾತು, ಎರಡ ಸರ್ತಿ. 'ಡೈರಿ ತಾ, ಗುಡ್ಡದ ಟಿಕೇಟ ಹರೀತೇನಿ' ಅಂದ್ರು. ನಾ ಛತ್ರಿ ಬಾಗಲ ಹಿಂದ ಇಟ್ಟು ಒಳಗ ಡೈರಿ ಹುಡುಕಾಕ ಹ್ವಾದೆ. ಬರೂದ್ರಾಗ..."

ಆಕೆ ಸೆರಗಿನ ತುದಿಯಿಂದ ಛತ್ರಿಯ ಹಿಡಿಕೆಯನ್ನು ಒರೆಸಿದಳು.

ಕಾಡವ್ವ ಸೆರಗಿನೊಳಗಿಂದಲೇ ಅಳುತ್ತ ಹೇಳಿದಳು: "ನಾ ಛತ್ರಿ ಕೊಟ್ಟಿದ್ದಕ್ಕ ಅಣ್ಣಾರು ಹ್ವಾದ್ರು ಅಂತಾರೇನೋ ಅಂತ ಅಂಜಿ ಬಾಯಿ ಮುಚಗೊಂಡಿದ್ದೆರಿ."

"ಹುಚ್ಚೀ," ಎಂದಳು ಸಿದ್ದಲಿಂಗವ್ವ. "ನಕ್ಕೋತ ಹ್ವಾದ್ರು. ಆ ನಗೀ ಕೊಟ್ಟಾಕಿ ನೀನ."

ನಾನು ಮೈಕಿನ ಮುಂದೆ ಅರ್ಧ ಗಡ್ಡದೊಡನೆ ನಿಂತಿದ್ದೆ. ಸುಳ್ಳು ಆಣೆ, ಬಾರದ ಇಂಗ್ಲಿಷು, ಇಪ್ಪತ್ತೊಂದು ವರ್ಷದ ಛತ್ರಿ, ಮೂರೂ ಒಂದೇ ಪೆಂಡಾಲಿನಲ್ಲಿ ಹೊರಬಿದ್ದಿದ್ದವು. ಯಾರಾದರೂ ಬೈದಿದ್ದರೆ ಹಗುರಾಗುತ್ತಿತ್ತು. ಯಾರೂ ಬೈಯಲಿಲ್ಲ. ಬಸಲಿಂಗಪ್ಪ ಎದ್ದು ದೀನನಾಗಿ ಕೇಳಿದ:

"ಅಂದ್ರ ಮಾಸ್ತರ... ಮಳೀದು?"

"ಸಾಬೂನ ಹೋಗಿತ್ತೋ ಬಸಲಿಂಗಪ್ಪ," ಎಂದೆ. ಕೈಯಲ್ಲಿದ್ದ ಮೈಕು ಅದನ್ನು ಇಡೀ ಓಣಿಗೆ ಸಾರಿತು.

ಮೊದಲು ನಕ್ಕವಳು ಮರೆವ್ವ. ಆ ಮೇಲೆ ಕಲ್ಮೇಶ, ಆ ಮೇಲೆ ಕಣ್ಣೊರೆಸಿಕೊಳ್ಳುತ್ತಲೇ ಅಪ್ಪು, ಉಮಾಶ್ರೀ. ಕಡೆಗೆ ಇಡೀ ಪೆಂಡಾಲು. ಮೂಲೆಯಲ್ಲಿ ಸಾಹೇಬರು ಮಾತ್ರ ನಗಲಿಲ್ಲ. ಅವರ ವರ್ಗಾವಣೆ ಮತ್ತೆ ಅನಿಶ್ಚಿತವಾಗಿತ್ತು.

"ನಗೂದೇನ ಬಂತು?" ಎಂದಳು ಮರೆವ್ವ. "ಅಂಥಾ ಛತ್ರಿ ಹೊರಗ ಬಂದೈತಿ ಅಂದಮ್ಯಾಲ ಮಳಿ ಸುಮ್ಮನ ಕುಂದರತೈತೇನು?"

ಊಟದ ಎರಡನೆಯ ಪಂಕ್ತಿಗೆ ಹುಗ್ಗಿ ಬಡಿಸುತ್ತಿದ್ದಾಗ ಪೆಂಡಾಲಿನ ತಗಡಿನ ಮೇಲೆ ಟಪ್ ಎಂದಿತು. ಎಲ್ಲರ ಕೈ ಎಲೆಯ ಮೇಲೆಯೇ ನಿಂತಿತು. ಇನ್ನೊಂದು ಟಪ್. ಆ ಮೇಲೆ ಎಣಿಸುವುದು ಆಗಲಿಲ್ಲ. ಬಸಲಿಂಗಪ್ಪ ಹುಗ್ಗಿಯ ಕೈಯಲ್ಲೇ ಅಂಗಳಕ್ಕೆ ಓಡಿ ನಿಂತು, ನೆನೆಯುತ್ತ, ತಾನು ಬಿತ್ತಿದ ದಿಕ್ಕಿಗೆ ನಮಸ್ಕಾರ ಮಾಡಿದ. ಕಾರ್ಣಿಕ ನಿಜವಾಯಿತೆಂದು ಅವನು ಇಂದಿಗೂ ಹೇಳುತ್ತಾನೆ. ಸಾಬೂನಿನ ವಿಷಯ ಎಷ್ಟು ಹೇಳಿದರೂ ಕೇಳುವುದಿಲ್ಲ.

ಹೊರಡುವಾಗ ಸಿದ್ದಲಿಂಗವ್ವ ಛತ್ರಿಯನ್ನು ನನ್ನ ಕೈಯಲ್ಲಿಟ್ಟಳು.

"ಮಳಿ ಭಾಳ ಐತಿ. ಒಯ್ರಿ ಮಾಸ್ತರ." ಸ್ವಲ್ಪ ತಡೆದು ಹೇಳಿದಳು, "ತಿರಿಗಿ ತಂದು ಕೊಡ್ರಿ ಮತ್ತ."

ಮಾರನೆಯ ದಿನ ಕಲ್ಮೇಶ ನನ್ನ ಬಲಗೆನ್ನೆಯನ್ನು ಮುಗಿಸಿದ. ಶುಕ್ರವಾರ ಕಾಡವ್ವ ಮತ್ತು ನಾನು ಯಲ್ಲಮ್ಮನ ಗುಡ್ಡಕ್ಕೆ ಹೊರಟೆವು, ತಪ್ಪು ಆಣೆಯ ಕಾಯಿ ಒಡೆಯಲು. ಕಾಡವ್ವನಿಗೆ ಸರ್ಕಾರದ ಸೊನ್ನೆ ಟಿಕೆಟ್ಟು, ನನಗೆ ಪೂರ್ತಿ. ಕಂಡಕ್ಟರು ಚೀಟಿ ಹರಿದು ಕೊಟ್ಟು, "ಕಡೀ ಸ್ಟೇಜ್ ಅಜ್ಜಾರ, ಕಾಳಜಿ ಮಾಡಬ್ಯಾಡ್ರಿ, ಇಳಸ್ತೇನಿ" ಎಂದ. ನಾನು ಆ ಚೀಟಿಯನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡೆ. ಅದಕ್ಕೆ ಕಟ್ಟು ಹಾಕಿಸಬೇಕೆಂದಿದ್ದೇನೆ. ಮರಳುವ ದಾರಿಯಲ್ಲಿ ಛತ್ರಿಯನ್ನು ಸಿದ್ದಲಿಂಗವ್ವನಿಗೆ ಒಪ್ಪಿಸಿದೆ, ನಾಲ್ಕು ಜನರ ಸಾಕ್ಷಿಯಾಗಿ.

ತಾಯಿ ಯಲ್ಲವ್ವ, ನಿನ್ನ ಭಂಡಾರ ಮುಟ್ಟಿ ಅರಿಯದೆ ತಪ್ಪು ನುಡಿದವನನ್ನು ಕ್ಷಮಿಸು. ನನ್ನ ಗೆಳೆಯ ನಿಜಗುಣಪ್ಪ ನಿನ್ನ ಗುಡ್ಡಕ್ಕೆ ಸಾವಿರಾರು ಜನರನ್ನು ಮುಟ್ಟಿಸಿದ. ತಾನು ಮಾತ್ರ ಮೂವತ್ತೆರಡು ವರ್ಷ ಬಸ್ಸಿನಲ್ಲಿ ನಿಂತೇ ಬಂದ. ಅವನಿಗೆ ಈಗ ಕಿಟಕಿಯ ಪಕ್ಕದ ಜಾಗ ಕೊಟ್ಟು ಕೂಡಿಸು. ಅವನ ಆತ್ಮ ಶಾಂತವಾಗಿರಲಿ, ಅವನ ನಗೆ ಹಾಗೆಯೇ ಇರಲಿ.